ಯಾರ ಕಡೆಯ ಕಾಯಿಲೆ

ಮನೆಗೆ ಕಾಯಿಲೆ ಬಂದರೆ ನಗೋ ಸಂಗತಿಗಳೂ ಅದರ ಹಿಂದೇ ಬರ್ತವೆ. ಬಾಗಿಲು ಹಾಕಿದರೂ ನಿಲ್ಲೋದಿಲ್ಲ. ನನ್ನ ಹೆಂಡತಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆದಾಗಲೂ ಹಾಗೇ ಆಯ್ತು. ಎಂಬತ್ತರ ದಶಕದ ಕೊನೆ. ನಾನು ತೀರ್ಥಹಳ್ಳಿಯಲ್ಲಿ ದರ್ಜಿ. ಅರಳಸುರಳಿ ಕಡೆಯ ಗೌಡರವನು. ಅವಳು ಹುಂಚದ ಜೈನರ ಮಗಳು. ಯಾರಿಗೂ ಹೇಳದೆ ಮದುವೆಯಾದವರು ನಾವು. ಅವತ್ತಿಂದ ಅವಳ ತಾಯಿ ಅವಳ ಮುಖ ನೋಡಿರಲಿಲ್ಲ. ಅವಳಿಗಿದ್ದ ಆಸೆ ಒಂದೇ. ಅಮ್ಮ ಒಂದು ಸಲ ಬರಬೇಕು.

೧. ಎರಡು ಒಲೆ

ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯಲ್ಲಿ ಗಡ್ಡೆ ತೆಗೆದರು. ಅದರ ಚೂರನ್ನು ಒಬ್ಬ ಎಳೇ ಡಾಕ್ಟರು ಪರೀಕ್ಷೆಗೆ ಇಟ್ಟುಕೊಂಡರು. ಯಾವ ಯಾವ ಜನರಲ್ಲಿ ಈ ಗಡ್ಡೆ ಹೇಗಿರುತ್ತೆ ಅಂತ ನೋಡ್ತಿದ್ದರಂತೆ.

"ಮಾಂಸ ತಿಂತೀರಾ?"

"ನಾನು ತಿಂತೀನಿ. ಅವಳು ಈರುಳ್ಳೀನೂ ಮುಟ್ಟಲ್ಲ."

"ಒಂದೇ ಮನೆ ಅಲ್ವಾ?"

"ಮನೆ ಒಂದೇ. ಒಲೆ ಎರಡು."

"ಹಾಗಾದ್ರೆ ಇವರನ್ನ ಯಾವ ಗುಂಪಿಗೆ ಹಾಕಲಿ?"

ಹೆಂಡತಿ ಮಲಗಿದಲ್ಲಿಂದಲೇ ಅಂದಳು: "ಮದುವೆಯಾದಾಗಿಂದ ಎರಡೂ ಮನೆಯವರು ಅದನ್ನೇ ಕೇಳ್ತಿದಾರೆ. ಗೊತ್ತಾದ್ರೆ ನಮಗೂ ಹೇಳಿ."

೨. ನಮ್ಮಕ್ಕ

ಡಾಕ್ಟರು ಬಿಡಿಸಿ ಹೇಳಿದರು. "ಜೀನ್ ಅಂತ ಇರುತ್ತೆ. ಮೈಗೆ ಬೆಳಿ ಅಂತ ಹೇಳೋದು. ಇರಬೇಕಾದ್ದು ಎರಡೇ ಪ್ರತಿ. ಕೆಲವು ಗಡ್ಡೇಲಿ ಹತ್ತಾಗುತ್ತೆ, ಇಪ್ಪತ್ತಾಗುತ್ತೆ. ಎಲ್ಲಾ ಸೇರಿ ಅದನ್ನೇ ಕೂಗ್ತವೆ."

"ನಮ್ಮಕ್ಕನ ಥರ," ಅಂದೆ.

ಅಕ್ಕ ಮಂಚದ ಹತ್ತಿರವೇ ಇದ್ದಳು. "ನಾನೆಲ್ಲಿ ಹೇಳಿದ್ದೇ ಹೇಳ್ತೀನಿ? ಹೇಳ್ತೀನೇನೋ? ಡಾಕ್ಟ್ರೇ, ನಾನು ಹೇಳಿದ್ದೇ ಹೇಳ್ತೀನಾ?"

ಡಾಕ್ಟರು ನನ್ನ ಕಡೆ ನೋಡಿದರು. "ನಿಮಗೆ ಸರಿಯಾಗೇ ಅರ್ಥವಾಗಿದೆ."

೩. ಬಸ್ಸಿನಲ್ಲಿ ಹೋದ ಮಾತು

ಇದು ಅವಳ ತೌರಿನ ಕಾಯಿಲೆ ಅಂತ ಅಕ್ಕ ಊರಿಡೀ ಹೇಳಿದಳು. ಮಾತು ಬಸ್ಸು ಹತ್ತಿ ಹುಂಚಕ್ಕೆ ಹೋಯ್ತು. ಅಲ್ಲಿಂದ ಉತ್ತರ ಬಂತು: ಅದು ಗೌಡರ ಮನೆ ಕೋಳಿಸಾರಿನ ವಾಸನೆ ಕುಡಿದು ಬಂದದ್ದು. ಮದುವೆಯಾದ ಮೇಲೆ ಹುಡುಗಿ ನಮ್ಮವಳು ಅನ್ನೋಕೆ ಒಬ್ಬರೂ ಬಂದಿರಲಿಲ್ಲ. ಈಗ ಕಾಯಿಲೆ ನಮ್ಮದಲ್ಲ ಅನ್ನೋಕೆ ಪೈಪೋಟಿ.

ಹೆಂಡತಿ ಅಂದಳು: "ತೌರಿಂದಲೇ ಬಂದದ್ದು ಅಂತ ಡಾಕ್ಟ್ರೇ ಹೇಳಿದ್ರು ಅಂತ ಸುದ್ದಿ ಕಳಿಸಿ."

"ಸುಳ್ಳಲ್ವೇನೆ?"

"ಇರಲಿ. ಪ್ರೀತಿಗೆ ಬರಲ್ಲ ಅಮ್ಮ. ಜಗಳಕ್ಕೆ ಬಂದೇ ಬರ್ತಾಳೆ."

೪. ಅತ್ತೆ ಬಂದದ್ದು

ಬಂದರು. ಆಸ್ಪತ್ರೆಗೆ ನೀರು, ಬುತ್ತಿ ಎಲ್ಲಾ ಮನೆಯಿಂದಲೇ ತಂದಿದ್ದರು. ಮಗಳ ಕಡೆ ತಿರುಗಲಿಲ್ಲ. "ಯಾರ್ರೀ ನಮ್ಮನೆ ಕಾಯಿಲೆ ಅಂದೋರು?"

ಡಾಕ್ಟರು ಬೆವರಿದರು. "ಇದು ತೌರಿಂದ ಬಂದದ್ದಲ್ಲಮ್ಮಾ. ಜೀನ್ ಹೆಚ್ಚಿದ್ದು ಗಡ್ಡೆಯೊಳಗೇ. ನಾನು ನೋಡಿದಷ್ಟರಲ್ಲಿ ಗೌಡರ ಗುಂಪಿಗೂ ಜೈನರ ಗುಂಪಿಗೂ ವ್ಯತ್ಯಾಸ ಕಂಡಿಲ್ಲ."

ಅತ್ತೆಗೆ ಜಗಳವಾಡೋಕೆ ಏನೂ ಉಳಿಯಲಿಲ್ಲ. ಆಗ ಮಗಳನ್ನು ನೋಡಿದರು. "ಹೊತ್ತು ಮುಳುಗೋಕೆ ಮುಂಚೆ ಉಣ್ಣೇ," ಅಂದು ಬುತ್ತಿ ಬಿಚ್ಚಿದರು. ಜೈನರ ಆ ನೇಮ ತಾನಿನ್ನೂ ಬಿಟ್ಟಿಲ್ಲ ಅಂತ ಅವಳು ಅಂದಾಗ ಅತ್ತೆ ಡಾಕ್ಟರ ಕಡೆ ತಿರುಗಿ, "ಇವಳು ನಮ್ಮವಳು. ನಮ್ಮ ಗುಂಪಿಗೇ ಹಾಕ್ರಿ," ಅಂದರು.

"ಅದೆಂಗೆ? ಇವಳು ನಮ್ಮವಳು!" ಅಂತ ಅಕ್ಕ ಎದ್ದಳು.

ಹೆಂಡತಿ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇರಬೇಕಾದ್ದು ಎರಡೇ ಪ್ರತಿ ಅಂದ್ರಲ್ಲ ಡಾಕ್ಟ್ರೇ. ಈಗ ಸರಿಹೋಯ್ತು."

ಮುಂದಿನ ಮಳೆಗಾಲ ಅವಳು ನೋಡಲಿಲ್ಲ. ಎರಡನೇ ಒಲೆ ನಾನು ತೆಗೆದಿಲ್ಲ. ಅತ್ತೆ ಬಂದಾಗ ಬೇಕು. ಬಂದವರು ಚೀಲ ಇಳಿಸೋ ಮುಂಚೆ ಕೇಳ್ತಾರೆ: "ಆ ಡಾಕ್ಟ್ರು ನಮ್ಮ ಗುಂಪಿಗೇ ತಾನೆ ಹಾಕಿದ್ದು?"

ಹೂಂ ಅಂತೀನಿ. ಅಕ್ಕನಿಗೂ ಹೂಂ ಅಂದಿದೀನಿ.