ಕೈಬಿಟ್ಟ ಆಟಗಾರರ ಮರುಹಂಚಿಕೆ ನಿಯಮಾವಳಿ

ಲಿಥುವೇನಿಯಾದ ವಾರ್ನುಪೆ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಎಂಟು ವಿಭಾಗಗಳಿವೆ, ಎಂಟು ಬಾಸ್ಕೆಟ್‌ಬಾಲ್ ತಂಡಗಳಿವೆ ಮತ್ತು ಎರಡನೇ ಮಹಡಿಯ ನಲ್ಲಿಯಲ್ಲಿ ಮಾರ್ಚ್ ತಿಂಗಳಿಂದ ನೀರು ಬರುತ್ತಿಲ್ಲ. ಇವುಗಳ ಪೈಕಿ ತಂಡಗಳ ವಿಷಯದಲ್ಲಿ ಮಾತ್ರ ತುರ್ತು ಕ್ರಮ ಅಗತ್ಯವಾಯಿತು.

ತಂಡಗಳು ಕಾಗದದ ಮೇಲಿನವು. ದೇಶದ ಲೀಗಿನಲ್ಲಿ ನಿಜವಾಗಿ ಆಡುವವರನ್ನು ಪ್ರತಿ ವಿಭಾಗವೂ ಹತ್ತತ್ತು ಜನರಂತೆ ಆರಿಸಿಕೊಂಡಿತ್ತು. ಅವರು ಅಂಕಣದಲ್ಲಿ ಬೆವರು ಸುರಿಸಿ ಗಳಿಸಿದ ಅಂಕಗಳು ಇಲ್ಲಿ ಕುರ್ಚಿಯಲ್ಲಿ ಕೂತವರ ಹೆಸರಿಗೆ ಸೇರುತ್ತಿದ್ದವು. ಬೇಡವಾದವನನ್ನು ಯಾರು ಬೇಕಾದರೂ ಕೈಬಿಡಬಹುದಿತ್ತು. ಕಂಪ್ಯೂಟರಿನಲ್ಲಿ ಮೊದಲು ಗುಂಡಿ ಒತ್ತಿದವರು ಅವನನ್ನು ಎತ್ತಿಕೊಳ್ಳಬಹುದಿತ್ತು.

ಅಕ್ಟೋಬರಿನಲ್ಲಿ ಒಳಚರಂಡಿ ವಿಭಾಗದ ಮುಖ್ಯಸ್ಥ ಜಿಗ್ಮಾಸ್, ಮೊಣಕಾಲು ನೋವೆಂಬ ಕಾರಣಕ್ಕೆ ಮಾಂತ್ವಿಲಾಸ್ ಎಂಬ ಎರಡು ಮೀಟರ್ ಎತ್ತರದ ಆಟಗಾರನನ್ನು ಕೈಬಿಟ್ಟ. ಸೋಮವಾರ ಬೆಳಿಗ್ಗೆ ಮೊಣಕಾಲು ಸರಿಹೋಗಿದೆಯೆಂಬ ಸುದ್ದಿ ಬಂತು. ಒಂಬತ್ತು ಗಂಟೆ ನಾಲ್ಕು ನಿಮಿಷಕ್ಕೆ ಕಚೇರಿಯ ಇಂಟರ್ನೆಟ್ ದುರಸ್ತಿಗಾಗಿ ನಿಂತಿತು. ಒಂಬತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಮತ್ತೆ ಬಂದಾಗ ಮಾಂತ್ವಿಲಾಸ್ ನಿರ್ದೇಶಕಿ ದಂಗುವೊಲೆಯವರ ಆಡಳಿತ ವಿಭಾಗದ ತಂಡದಲ್ಲಿದ್ದ. ಹನ್ನೊಂದು ಗಂಟೆಗೆ ನಿರ್ದೇಶಕಿಯವರ ಬೀದಿಯಲ್ಲಿ ನೀರು ನಿಂತಿತು. ಅದೂ ದುರಸ್ತಿಗಾಗಿಯೇ ಎಂದು ಜಿಗ್ಮಾಸ್ ವಿವರಣೆ ಕೊಟ್ಟ.

ಮೂರು ದಿನ ತಲೆ ತೊಳೆಯಲಾಗದ ನಿರ್ದೇಶಕಿಯವರು ನ್ಯಾಯವಾದ ನಿಯಮ ರಚಿಸಲು ಒಂದು ಸಮಿತಿ ನೇಮಿಸಿದರು. ಸಮಿತಿಯಲ್ಲಿ ಇದ್ದದ್ದು ಮೀಟರ್ ವಿಭಾಗದ ಉಪಮುಖ್ಯಸ್ಥ ವೈದೊತಾಸ್ ಒಬ್ಬನೇ. ಅವನು ಬಾಸ್ಕೆಟ್‌ಬಾಲ್ ನೋಡುತ್ತಿರಲಿಲ್ಲ. ಆ ಊರಿನಲ್ಲಿ ಇದನ್ನು ಕಾಯಿಲೆಯೆಂದೇ ಭಾವಿಸಿ ಯಾರೂ ಅವನ ಮುಂದೆ ಆ ಮಾತೆತ್ತುತ್ತಿರಲಿಲ್ಲ. ಈಗ ಅದೇ ನಿಷ್ಪಕ್ಷಪಾತವೆನಿಸಿತು.

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ವೈದೊತಾಸ್‌ಗೆ ಯಾರೂ ಏನನ್ನೂ ಯೋಚಿಸಲು ಹೇಳಿರಲಿಲ್ಲ. ಅವನು ಎರಡು ವಾರ ಬೇರೆ ಕಡತ ಮುಟ್ಟಲಿಲ್ಲ. ಕೊನೆಗೆ ಹೊರಬಂದ ನಿಯಮಗಳ ತಿರುಳು ಇಷ್ಟು: ಕೈಬಿಡಲ್ಪಟ್ಟವನು ಎರಡು ದಿನ ಕಾಯುವ ಪಟ್ಟಿಯಲ್ಲಿರತಕ್ಕದ್ದು. ಹಲವರು ಕೋರಿದಲ್ಲಿ, ಎಲ್ಲರಿಗಿಂತ ಕೆಳಗಿರುವವರಿಗೆ ಮೊದಲ ಹಕ್ಕು. ಒಬ್ಬನನ್ನು ಸೇರಿಸಿಕೊಳ್ಳುವವರು ತಮ್ಮಲ್ಲಿರುವ ಒಬ್ಬನನ್ನು ಬಿಡತಕ್ಕದ್ದು.

ಸಭೆಯಲ್ಲಿ ಚಪ್ಪಾಳೆ ಬಿತ್ತು. ಜಿಗ್ಮಾಸ್ ಕಣ್ಣೊರೆಸಿಕೊಂಡು, "ಇಷ್ಟು ನ್ಯಾಯ ಈ ಕಟ್ಟಡದಲ್ಲಿ ನಾನು ಕಂಡಿಲ್ಲ ಮಾರಾಯ," ಅಂದ. ವೈದೊತಾಸ್‌ನ ಕಿವಿಗಳು ಕೆಂಪಾದವು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಯಮಗಳನ್ನು ಇನ್ನೊಮ್ಮೆ ಓದಿಕೊಂಡ.

ನಿರ್ದೇಶಕಿಯವರು ಮರುದಿನ ಅವನನ್ನು ಕರೆಸಿದರು.

"ವೈದೊತಾಸ್, ಈ ನಿಯಮ ಆಟಕ್ಕೆ ಮಾತ್ರ ಅಂತ ಎಲ್ಲಾದ್ರೂ ಬರೆದಿದ್ದೀರಾ?"

ಅವನು ಕಾಗದ ತಿರುವಿ ನೋಡಿದ. "ಇಲ್ಲ ಮೇಡಂ. ಬರೆದಿಲ್ಲ."

"ಒಳ್ಳೇದಾಯ್ತು. ಪುರಸಭೆಯವರು ಒಂದು ಹುದ್ದೆ ಕಡಿಮೆ ಮಾಡಿ ಅಂದಿದ್ದಾರೆ. ಕೆಲಸದಿಂದ ತೆಗೆದ್ರೆ ಕೋರ್ಟು ಕಚೇರಿ ಅಂತ ರಗಳೆ. ಅದಕ್ಕೆ ನಿಮ್ಮನ್ನ ತೆಗೀತಿಲ್ಲ. ಕೈಬಿಡ್ತಿದ್ದೀವಿ, ಅಷ್ಟೇ."

"ನನ್ನನ್ನೇ ಯಾಕೆ ಮೇಡಂ?"

"ಎರಡು ವಾರದಿಂದ ನೀವು ಮೀಟರ್ ಕೆಲಸ ಒಂದೂ ಮಾಡಿಲ್ವಲ್ಲ."

ವೈದೊತಾಸ್ ಕಾಗದವನ್ನು ಇನ್ನೊಮ್ಮೆ ತಿರುವಿದ. ಪ್ರಕ್ರಿಯೆಯಲ್ಲಿ ದೋಷ ಕಾಣಲಿಲ್ಲ. ಅವನು ತನ್ನ ಚಹಾ ಲೋಟ ತೆಗೆದುಕೊಂಡು ಹೋಗಿ ಹಜಾರದ ಬೆಂಚಿನ ಮೇಲೆ ಕೂತ. ಸೂಚನಾಫಲಕದಲ್ಲಿ ಚೀಟಿ ಅಂಟಿತು: ವೈದೊತಾಸ್, ನಲವತ್ತೇಳು ವರ್ಷ, ಎತ್ತರ ಒಂದು ಮೀಟರ್ ಎಪ್ಪತ್ತೊಂದು, ಗುರುವಾರದವರೆಗೆ ಲಭ್ಯ.

ವಿಭಾಗಗಳ ಮುಖ್ಯಸ್ಥರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು.

"ಮೊಣಕಾಲು ಹೇಗಿದೆಯಯ್ಯಾ?" ಜಿಗ್ಮಾಸ್ ಕೇಳಿದ.

"ಮೆಟ್ಟಿಲು ಹತ್ತುವಾಗ ಸ್ವಲ್ಪ ನೋವು."

ಜಿಗ್ಮಾಸ್ ನಿಟ್ಟುಸಿರುಬಿಟ್ಟು ಹೊರಟುಹೋದ. ಬುಧವಾರ ಸಂಜೆಯವರೆಗೆ ಒಂದು ಕೋರಿಕೆಯೂ ಬರಲಿಲ್ಲ. ವೈದೊತಾಸ್‌ಗೆ ಕೆಲಸ ಹೋಗುವುದಕ್ಕಿಂತ, ಯಾರೂ ಕೇಳಲಿಲ್ಲವಲ್ಲ ಎಂಬುದೇ ಹೆಚ್ಚು ಚುಚ್ಚುತ್ತಿತ್ತು. ಅವನು ಬೆಂಚಿನ ಮೇಲೆ ನೆಟ್ಟಗೆ ಕೂತು ಎತ್ತರವಾಗಿ ಕಾಣಲು ಯತ್ನಿಸಿದ.

ಗುರುವಾರ ಬೆಳಿಗ್ಗೆ ಯುಜೆಫಾ ಎಂಬ ಎಪ್ಪತ್ತನಾಲ್ಕರ ಅಜ್ಜಿ ಬಂದಳು. ಅವಳ ಮನೆಯ ಮೀಟರ್ ಕಟ್ಟಿಕೊಂಡು ನೀರು ಹನಿಹನಿಯಾಗಿ ಬರುತ್ತಿತ್ತು. ಇದು ಏಳನೇ ಭೇಟಿ.

"ಮೀಟರಿನವರು ಎಲ್ಲಪ್ಪಾ?"

"ನಾನೇ ಅಜ್ಜಿ. ಆದ್ರೆ ಈಗ ಕಾಯುವ ಪಟ್ಟಿಯಲ್ಲಿದ್ದೀನಿ."

ಅಜ್ಜಿ ಕನ್ನಡಕ ಹಾಕಿಕೊಂಡು ಫಲಕದ ಚೀಟಿಯನ್ನೂ ನಿಯಮಾವಳಿಯನ್ನೂ ಪೂರ್ತಿ ಓದಿದಳು. ಆ ಕಟ್ಟಡದಲ್ಲಿ ಹಾಗೆ ಪೂರ್ತಿ ಓದಿದವರು ಅವಳೊಬ್ಬಳೇ.

"ಬೇರೆ ಯಾರಾದ್ರೂ ನಿನ್ನ ಕೇಳಿದ್ದಾರಾ?"

"ಇಲ್ಲ."

"ಹಾಗಾದ್ರೆ ನನಗೆ ಬೇಕು. ಅರ್ಜಿ ಕೊಡು ಇಲ್ಲಿ."

ಬೇರೊಬ್ಬರಿಗೆ ಬೇಕೆಂದ ಕೂಡಲೇ ಎಂಟೂ ವಿಭಾಗಗಳಿಗೆ ವೈದೊತಾಸ್ ಬೇಕಾದ. ಅರ್ಧ ಗಂಟೆಯಲ್ಲಿ ಎಂಟು ಕೋರಿಕೆಗಳು ಬಂದವು. ಅದರಲ್ಲಿ ಒಂದು ಅವನನ್ನು ಬಿಟ್ಟ ಮೀಟರ್ ವಿಭಾಗದ್ದೇ. ನಿರ್ದೇಶಕಿಯವರು ವಿಚಾರಣೆ ಕರೆದರು.

"ಸಾರ್ವಜನಿಕರು ಕೋರುವ ಹಾಗಿಲ್ಲ," ಎಂದ ಜಿಗ್ಮಾಸ್.

"ಹಾಗಂತ ಎಲ್ಲಿ ಬರೆದಿದೆಯಪ್ಪಾ ತೋರ್ಸು," ಅಂದಳು ಅಜ್ಜಿ.

ಬರೆದಿರಲಿಲ್ಲ. ಇನ್ನು ಯಾರು ಎಲ್ಲರಿಗಿಂತ ಕೆಳಗೆ ಎಂಬ ಪ್ರಶ್ನೆ. ಅಜ್ಜಿಯ ದೂರು ಎಲ್ಲಿದೆ ಎಂದು ಹುಡುಕಿಸಿದಾಗ, ಅದು ಎರಡು ಸಾವಿರದ ನೂರ ಹದಿನಾಲ್ಕು ದೂರುಗಳ ಅಡಿಯಲ್ಲಿ, ಕಪಾಟಿನ ಕಾಲು ಅಲುಗಾಡದಂತೆ ಮಡಚಿ ಇಟ್ಟ ಸ್ಥಿತಿಯಲ್ಲಿ ಸಿಕ್ಕಿತು. ಅದಕ್ಕಿಂತ ಕೆಳಗೆ ನೆಲವೇ ಇತ್ತು. ನಿರ್ದೇಶಕಿಯವರು ಮೊಹರು ಒತ್ತಿದರು.

"ನೀವು ಒಬ್ಬರನ್ನ ಬಿಡಬೇಕಾಗುತ್ತೆ ಅಮ್ಮಾ."

"ನನ್ನ ಮೈದುನ ಬ್ರೋನ್ಯುಸ್‌ನ ಬಿಟ್ಟಿದ್ದೀನಿ," ಅಂದಳು ಅಜ್ಜಿ ತಡಮಾಡದೆ. "ಹನ್ನೊಂದು ವರ್ಷದಿಂದ ನನ್ನ ಸೋಫಾ ಬಿಟ್ಟು ಎದ್ದಿಲ್ಲ. ಎತ್ತರ ಒಂದು ಮೀಟರ್ ತೊಂಬತ್ತು."

ಹಜಾರದಲ್ಲಿ ಗುಸುಗುಸು ಎದ್ದಿತು. ಒಂದು ಮೀಟರ್ ತೊಂಬತ್ತು! ಬ್ರೋನ್ಯುಸ್‌ಗೆ ಅಂದೇ ಎಂಟು ಕೋರಿಕೆಗಳು ಬಂದವು. ಅವನನ್ನು ಪಡೆದ ವಿಭಾಗ ನಿಯಮದಂತೆ ತನ್ನ ಗುಮಾಸ್ತನೊಬ್ಬನನ್ನು ಬಿಟ್ಟಿತು.

ವೈದೊತಾಸ್ ಅಜ್ಜಿಯ ಮನೆಯ ನೆಲಮಾಳಿಗೆಯಲ್ಲಿ ಮೊದಲ ಬಾರಿಗೆ ಒಂದು ಮೀಟರನ್ನು ಕಣ್ಣಾರೆ ಕಂಡ. ಇಷ್ಟು ಚಿಕ್ಕದಿರುತ್ತದೆಂದು ಅವನು ಎಣಿಸಿರಲಿಲ್ಲ. ಮೂರು ಗಂಟೆ ಹೆಣಗಾಡಿ, ಎರಡು ಬಾರಿ ಮೈಪೂರ್ತಿ ನೆನೆದು, ಸಿಕ್ಕಿಕೊಂಡಿದ್ದ ಮರಳು ತೆಗೆದ. ಮೇಲಿಂದ ಅಜ್ಜಿ, "ಬಂತು ಮಗಾ, ಬಂತು!" ಎಂದು ಕೂಗಿದಳು. ಅಜ್ಜಿ ಒಣಬಟ್ಟೆ ಕೊಟ್ಟು, ಮಾಂಸ ತುಂಬಿದ ಆಲೂಗಡ್ಡೆ ಕಡುಬಿನ ಮೇಲೆ ಹುಳಿ ಕೆನೆ ಸುರಿದು ಮುಂದಿಟ್ಟಳು.

ಸುದ್ದಿ ಬೀದಿಗೆ ಹಬ್ಬಿತು. ದೂರು ಕೊಟ್ಟು ಅಡಿಯಲ್ಲಿ ಸಿಕ್ಕಿಕೊಂಡಿದ್ದವರೆಲ್ಲ ಕೋರಿಕೆ ಸಲ್ಲಿಸಿದರು. ವಾರಕ್ಕೆ ಇಬ್ಬರಂತೆ ಗುಮಾಸ್ತರು ಮನೆಗಳಿಗೆ ಹಂಚಿಹೋದರು. ಮನೆಗಳಿಂದ ಅಳಿಯಂದಿರು, ಬಾಡಿಗೆ ಕೊಡದವರು, ಸದಾ ಸಲಹೆ ಕೊಡುವ ಚಿಕ್ಕಪ್ಪಂದಿರು ಕಚೇರಿಗೆ ಬಂದು ಖಾಲಿ ಕುರ್ಚಿಗಳಲ್ಲಿ ಕೂತರು. ಜಿಗ್ಮಾಸ್‌ನನ್ನು ಚರಂಡಿ ಉಕ್ಕುತ್ತಿದ್ದ ಬೇಕರಿಯವಳು ಎತ್ತಿಕೊಂಡಳು. ಫೆಬ್ರವರಿಯಲ್ಲಿ ನಿರ್ದೇಶಕಿ ದಂಗುವೊಲೆಯವರನ್ನು ಎರಡು ವರ್ಷದಿಂದ ನೀರಿಲ್ಲದ ಒಂದು ಶಿಶುವಿಹಾರ ಪಡೆದುಕೊಂಡಿತು. ಬ್ರೋನ್ಯುಸ್ ಹಂಗಾಮಿ ನಿರ್ದೇಶಕನಾದ. ಕಚೇರಿ ಮೊದಲಿನಂತೆಯೇ ನಡೆಯಿತು, ಊರಿನಲ್ಲಿ ಮಾತ್ರ ನೀರು ಬಂತು. ಪುರಸಭೆ ಇದನ್ನು ಪರಿಶೀಲಿಸಿ, ತೃಪ್ತಿಕರವೆಂದು ಷರಾ ಬರೆಯಿತು.

ಒಂದು ಶುಕ್ರವಾರ ಯುಜೆಫಾ ಕಾಗದ ಹಿಡಿದು ಅಡುಗೆಮನೆಗೆ ಬಂದಳು.

"ಮಗಾ, ಎದುರುಮನೆಯವಳು ನಿನ್ನ ಕೇಳ್ತಿದ್ದಾಳೆ. ನನಗೆ ಕಳಿಸೋಕೆ ಮನಸ್ಸಿಲ್ಲ. ಆದ್ರೆ ಅವಳ ಬಾಯ್ಲರ್ ಒಡೆದುಹೋಗಿದೆ, ಪಾಪ. ನೀನು ಹೋಗ್ತೀಯಾ?"

ವೈದೊತಾಸ್ ಚಮಚ ಕೆಳಗಿಟ್ಟು ನಿಯಮಗಳನ್ನು ಒಂದೊಂದಾಗಿ ನೆನಪಿಸಿಕೊಂಡ.

"ಆಟಗಾರನನ್ನ ಕೇಳಬೇಕು ಅಂತ ನಾನು ಬರೆದೇ ಇಲ್ಲ ಅಜ್ಜಿ."

"ಮತ್ತೆ ಬರೀಬೇಕಿತ್ತಲ್ಲ?"

"ಬರೀಬೇಕಿತ್ತು," ಎಂದು ಒಪ್ಪಿಕೊಂಡು, ಅವನು ಸ್ಪ್ಯಾನರ್ ಹುಡುಕಲು ಎದ್ದ. "ಅವರ ಮನೇಲಿ ಊಟಕ್ಕೆ ಏನು ಮಾಡ್ತಾರೆ?"