ಅತ್ತೆಯವರನ್ನು ಡಿಸ್ಕಿಗೆ ಹಾಕಿದ್ದು

ನಿವೃತ್ತನಾದ ಮನುಷ್ಯ ಕುರ್ಚಿಯನ್ನು ಬಿಟ್ಟು ಬರುತ್ತಾನೆಯೇ ಹೊರತು ಕುರ್ಚಿಯ ಚಾಳಿಯನ್ನು ಬಿಟ್ಟು ಬರುವುದಿಲ್ಲ. ನಾನು ಮೂವತ್ತು ವರ್ಷ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೂತವನು. ಹಳೇ ಕಾಗದ ಕೇಳಿಕೊಂಡು ಯಾರಾದರೂ ಬಂದರೆ ಮೊದಲು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡುವುದು, ಆಮೇಲೆ ‘ನಾಳೆ ಬನ್ನಿ’ ಎನ್ನುವುದು ನನ್ನ ಪದ್ಧತಿ. ನನ್ನ ಕೈಯಲ್ಲಿ ದಾಖಲೆಗಳು ಎಷ್ಟು ಭದ್ರವಾಗಿದ್ದವೆಂದರೆ, ಬೇಕಾದವರಿಗೂ ಸಿಗುತ್ತಿರಲಿಲ್ಲ. ಇಂಥವನಿಗೆ ನನ್ನ ಹೆಂಡತಿ ಗಿರಿಜ, ಅವಳ ತಾಯಿ ತೀರಿಕೊಂಡ ಮರುತಿಂಗಳು, ‘ನಮ್ಮವ್ವನ ವಿಡಿಯೋ ಆ ಹಳೇ ಕಂಪ್ಯೂಟ್ರಲ್ಲೈತೆ. ಅದೋ ದಿನಾ ಕೆಮ್ತೈತೆ. ಅದು ಕಣ್ಮುಚ್ಚೋದ್ರೊಳಗೆ ಎಲ್ಲಾದ್ರೂ ತೆಗೆದಿಡಿ ಕಣ್ರೀ’ ಎಂದಳು. ಅತ್ತೆಯವರು ನೊಣವಿನಕೆರೆಯ ಮನೆಯ ಹಿತ್ತಲಲ್ಲಿ ಕೊಬ್ಬರಿ ಸುಲಿಯುತ್ತಾ ಮಾತಾಡಿದ ಹತ್ತು ನಿಮಿಷ ಅದು. ಅವರ ದನಿ ಉಳಿದಿದ್ದು ಅದೊಂದರಲ್ಲೇ.

ಪೆನ್‌ಡ್ರೈವ್ ನನಗೆ ಹಿಡಿಸಲಿಲ್ಲ. ಯಾರು ಬೇಕಾದರೂ ಅಳಿಸಬಹುದಾದದ್ದು ಅದೆಂಥ ದಾಖಲೆ? ಡಿವಿಡಿಯೇ ಆಗಬೇಕೆಂದು ತಿಪಟೂರಿನ ಕಂಪ್ಯೂಟರ್ ಅಂಗಡಿಯ ರುದ್ರೇಶನಲ್ಲಿಗೆ ಹೋದೆ. ಅವನು ಹೇಳಿದ: ‘ಡಿಸ್ಕಿಗೆ ಫೈಲ್ ಸಿಸ್ಟಮ್ ಅಂತ ಐತೆ ಸಾರ್, ಒಳಗೆ ಫೈಲ್ ಜೋಡ್ಸೋ ಪದ್ಧತಿ. ಐಎಸ್‌ಒ ಅನ್ನೋದು ಹಳೇದು, ಎಲ್ಲಾ ಮಿಷನ್ನೂ ಓದ್ತದೆ, ಹೆಸ್ರು ಮಾತ್ರ ಚಿಕ್ಕದಿರ್ಬೇಕು. ಯುಡಿಎಫ್ ಹೊಸದು, ಹೆಸ್ರು ಉದ್ದ ಇಡ್ಬೋದು, ಹಳೇ ಮಿಷನ್ ಓದೋ ಗ್ಯಾರಂಟಿ ಇಲ್ಲ. ಎರಡೂ ಸೇರ್ಸಿ ಹಾಕ್ಬೋದು. ಐದು ನಿಮಿಷದ ಕೆಲಸ, ನಾನೇ ಹಾಕ್ಕೊಡ್ಲಾ?’ ಫೈಲ್ ಎಂಬ ಮಾತು ಕೇಳಿದೊಡನೆ ನನ್ನ ಬೆನ್ನು ನೆಟ್ಟಗಾಯಿತು. ಐದು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ನನ್ನ ಇಡೀ ಸೇವಾವಧಿಯಲ್ಲಿ ನಾನು ಕಂಡವನಲ್ಲ. ಪರಿಶೀಲಿಸಿ ತಿಳಿಸುತ್ತೇನೆಂದು ಹೇಳಿ, ಡಿಸ್ಕ್ ಬರೆಯುವ ಯಂತ್ರವನ್ನಷ್ಟೇ ಕೊಂಡು ಮನೆಗೆ ಬಂದೆ.

ಪರಿಶೀಲನೆಗೆ ಮೂರು ತಿಂಗಳು ಹಿಡಿಯಿತು. ದಪ್ಪರಟ್ಟಿನ ಪುಸ್ತಕ ತಂದು, ಎಡಗಡೆ ಐಎಸ್‌ಒ, ಬಲಗಡೆ ಯುಡಿಎಫ್ ಎಂದು ಗೆರೆ ಎಳೆದೆ. ವಿಡಿಯೋಗೆ ನಾನಿಟ್ಟ ಹೆಸರು ‘ಶ್ರೀಮತಿ ಗಂಗಮ್ಮನವರು, ಕೋಂ ಲೇಟ್ ಬಸವಯ್ಯನವರು, ನೊಣವಿನಕೆರೆ, ಹಿತ್ತಲಿನಲ್ಲಿ ಕೊಬ್ಬರಿ ಸುಲಿಯುತ್ತಾ ಮಾತನಾಡಿರುವುದು’. ಹಳೇ ಪದ್ಧತಿಯ ಕಟ್ಟುನಿಟ್ಟಿನ ರೂಪದಲ್ಲಿ ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರ. ಎಣಿಸಿದರೆ ‘ಶ್ರೀಮತಿ’ಗೇ ಎಂಟೂ ಮುಗಿದುಹೋದವು. ಬರೀ ಶ್ರೀಮತಿ ಎಂದರೆ ಯಾರೆಂದು ತಿಳಿಯುವುದು? ಹೀಗಾಗಿ ಯುಡಿಎಫ್ ಗೆದ್ದಿತು. ಬಿಳಿಗೆರೆಯಲ್ಲಿ ತೋಟ ಮಾಡಿಕೊಂಡಿರುವ ಭಾವಮೈದ ಶಿವಲಿಂಗನನ್ನೂ ಒಂದು ಮಾತು ಕೇಳಿದೆ, ಹೆತ್ತ ತಾಯಿಯಲ್ಲವೇ. ಅವನು, ‘ಯಾವ್ದಾದ್ರೂ ಹಾಕಿ ಭಾವ. ಕಾಯಿ ಅಟ್ಟಕ್ಕೆ ಹಾಕಿದ್ಮೇಲೆ ಕೊಬ್ಬರಿ ಆಗೋಗಂಟ ಯಾರೂ ಮುಟ್ಟಲ್ಲ, ಮುಟ್ಟುದ್ರೆ ಕೆಡ್ತದೆ. ಇದೂ ಹಂಗೇ ಇರ್ಲಿ’ ಎಂದ. ಮಾತು ನನಗೆ ಬಹಳ ಒಪ್ಪಿತವಾಯಿತು. ಮೂರು ಪ್ರತಿ ಬರೆದು, ಪಂಚೆಯಲ್ಲಿ ಸುತ್ತಿ, ಅಟ್ಟಕ್ಕೇರಿಸಿ, ಕಂಪ್ಯೂಟರನ್ನು ಗುಜರಿಗೆ ಹಾಕಿದೆ. ‘ಗುಜರಿಗೆ ಹಾಕೋ ಮುಂಚೆ ಒಂದ್ಸಲ ಡಿಸ್ಕ್ ಹಾಕಿ ನೋಡ್ಬಾರ್ದೇ’ ಎಂದು ಗಿರಿಜ ಕೇಳಿದ್ದುಂಟು. ಅಟ್ಟದ ಕಾಯನ್ನು ದಿನಕ್ಕೊಂದು ಒಡೆದು ನೋಡುವವರುಂಟೇ ಎಂದು ಅವಳ ಬಾಯಿ ಮುಚ್ಚಿಸಿದೆ.

ವರ್ಷದ ಪೂಜೆಗೆ ನೆಂಟರೆಲ್ಲ ಸೇರಿದರು. ಊಟವಾದ ಮೇಲೆ ಅತ್ತೆಯವರನ್ನು ತೋರಿಸುತ್ತೇನೆಂದು ಸಾರಿ, ಡಿಸ್ಕ್ ಇಳಿಸಿದೆ. ಲ್ಯಾಪ್‌ಟಾಪ್ ತಂದು ಟಿವಿಗೆ ಜೋಡಿಸಿಕೊಡಲು ರುದ್ರೇಶನನ್ನೂ ಕರೆಸಿದ್ದೆ. ಪರದೆಯ ಮೇಲೆ ಹೆಸರು ಮೂಡಿತು, ಒಂದಕ್ಷರವೂ ಕತ್ತರಿಸಿರಲಿಲ್ಲ. ಒತ್ತಿದರೆ, ಮೂಲ ಕಡತ ಸಿಗುತ್ತಿಲ್ಲ ಎಂದು ಬಂತು. ಇನ್ನೆರಡು ಪ್ರತಿ ಹಾಕಿದರೂ ಅದೇ. ರುದ್ರೇಶ ಬಗ್ಗಿ ನೋಡಿ ತಲೆ ಕೆರೆದುಕೊಂಡ. ‘ಸಾರ್, ಇದು ವಿಡಿಯೋ ಅಲ್ಲ. ವಿಡಿಯೋ ಎಲ್ಲೈತೆ ಅಂತ ತೋರ್ಸೋ ಗುರುತು, ಶಾರ್ಟ್‌ಕಟ್ಟು. ವಿಡಿಯೋ ಆ ಕಂಪ್ಯೂಟ್ರಲ್ಲೇ ಉಳೀತು.’ ಅತ್ತೆಯವರ ವಿಳಾಸವನ್ನು ಮೂರು ಪ್ರತಿ ಮಾಡಿ, ಅತ್ತೆಯವರನ್ನೇ ಗುಜರಿಗೆ ಹಾಕಿದ್ದೆ. ಶಿವಲಿಂಗ ಬೈಯಲಿಲ್ಲ, ಡಿಸ್ಕುಗಳನ್ನು ಎತ್ತಿ ಮತ್ತೆ ಪಂಚೆಯಲ್ಲಿ ಸುತ್ತತೊಡಗಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಜನರೆದುರು ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ರುದ್ರೇಶ ಗಿರಿಜಳ ಮುಖ ನೋಡಿದ. ಅವಳು ಸೆರಗಿಗೆ ಕೈಯೊರೆಸಿಕೊಂಡು ಒಳಗೆ ಹೋಗಿ, ಒಂದು ಪೆನ್‌ಡ್ರೈವ್ ತಂದು ಟಿವಿಗೆ ಚುಚ್ಚಿದಳು. ಅತ್ತೆಯವರು ಹಿತ್ತಲಲ್ಲಿ ಕೂತು, ‘ಇದೇನ್ಲಾ ಹಿಡ್ಕಂಡು ನಿಂತಿದ್ದೀಯ, ನಾಲ್ಕು ಕಾಯಿ ಸುಲಿ ಬಾ’ ಎಂದು ಮಗನನ್ನು ಕರೆದರು. ಶಿವಲಿಂಗ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ನನಗೆ ಹೋದ ಜೀವ ಬಂತು. ಬಂದ ಜೀವ ಸುಮ್ಮನಿರಬೇಕಲ್ಲ, ‘ಇದ್ಯಾವ ಫೈಲ್ ಸಿಸ್ಟಮ್?’ ಎಂದು ಕೇಳಿತು.

‘ಯಾವ್ದೋ ಒಂದು. ಅವ್ವ ಮಾತಾಡ್ತವ್ಳಲ್ಲ, ಸಾಕು ಬುಡಿ. ನೀವು ಪುಸ್ತಕಕ್ಕೆ ಗೆರೆ ಎಳೆದ ಮಾರನೇ ದಿನವೇ ರುದ್ರೇಶನ್ನ ಕರ್ಸಿ ತುಂಬಿಸ್ಕೊಂಡೆ.’

‘ನನಗ್ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಆ ಮೂರು ತಿಂಗಳು ಏನ್ ಮಾಡ್ತಿದ್ರಿ? ರಿಟೈರಾದ ವಾರಕ್ಕೇ ಅಡುಗೆಮನೆ ಡಬ್ಬಕ್ಕೆಲ್ಲ ನಂಬರ್ ಹಾಕಿ, ಸಾಸಿವೆ ಬೇಕಾದ್ರೆ ಬರ್ದು ಕೇಳು ಅಂದೋರು ನೀವು. ನಿಮಗೂ ಒಂದು ಕೆಲಸ ಅಂತ ಬೇಕಿತ್ತು ಕಣ್ರೀ.’

ನೆಂಟರು ನಕ್ಕರು. ಶಿವಲಿಂಗ ಕಣ್ಣೊರೆಸಿಕೊಂಡು, ‘ಇನ್ನೊಂದ್ಸಲ ಹಾಕಕ್ಕ’ ಎಂದ. ಹಾಕಲು ಯಾರೂ ನನ್ನನ್ನು ಕರೆಯಲಿಲ್ಲ.