ಕೆರೆ ಏರಿಯ ಮೇಲಿನ ಪ್ರಯಾಣಿಕರು

ನಮ್ಮ ಚಿಕ್ಕಪ್ಪನಿಗೆ ಗುಬ್ಬಿ ತಾಲ್ಲೂಕಿನಲ್ಲಿ ಇರುವವರಿಗಿಂತ ಇಲ್ಲದವರ ಪರಿಚಯವೇ ಹೆಚ್ಚು! ಇದು ನನ್ನ ಮಾತಲ್ಲ. ನಿಟ್ಟೂರಿನ ಕಡೆಯಿಂದ ತೆಂಗಿನಕಾಯಿ ತರುವಾತ ತುಮಕೂರಿನ ಉಪ್ಪಾರಹಳ್ಳಿಯ ಮನೆಗೆ ಬಂದು ಚಿಕ್ಕಮ್ಮನ ಕಿವಿಗೆ ಹಾಕಿ ಹೋದ ಮಾತು.

"ನಿಮ್ ಯಜಮಾನ್ರು ಕೆರೆ ಏರಿ ಮ್ಯಾಲೆ ಸೈಕಲ್ ನಿಲ್ಲಿಸ್ಕೊಂಡು ಯಾರ್ಗೋ ದಾರಿ ಬುಡ್ತಾ ನಿಂತಿದ್ರು ಕಣಮ್ಮ. ಅಲ್ಲಿ ಒಂದ್ ನಾಯೀನೂ ಇರ್ಲಿಲ್ಲ!"

ಚಿಕ್ಕಪ್ಪ ಆಯುಸ್ಸಿನ ಅರ್ಧಭಾಗ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದವರು ಆರಾಮಕುರ್ಚಿ ಕೊಳ್ಳುತ್ತಾರೆ, ಇಲ್ಲವೇ ಯೋಗದ ಚಾಪೆ ಕೊಳ್ಳುತ್ತಾರೆ. ಇವರು ಕೊಂಡದ್ದು ಗ್ರಾವೆಲ್ ಬೈಕು! ಹೆಸರು ಬೈಕು, ಆದರೆ ಸೈಕಲ್ಲು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಜಲ್ಲಿಯ ಮೇಲೂ ಮರಳಿನ ಮೇಲೂ ಓಡುವ ದಪ್ಪ ಟೈರು. ಎದುರುಮನೆಯವರು "ಮೋಟರ್ ಎಲ್ಲೈತೆ ಸಾರ್?" ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ತಮ್ಮ ತೊಡೆ ತಟ್ಟಿ "ಇಲ್ಲೈತೆ!" ಎಂದರಂತೆ.

ಅಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು. ಆದರೆ ಈ ಮಹಾನುಭಾವರು ಟಾರು ರಸ್ತೆಯ ಮೇಲೆ ಸೈಕಲ್ ಹತ್ತುವುದೇ ಇಲ್ಲ! ಊರು ದಾಟುವ ತನಕ ಕರುವನ್ನು ಹಿಡಿದುಕೊಂಡು ಹೋದಂತೆ ತಳ್ಳಿಕೊಂಡೇ ಹೋಗುತ್ತಾರೆ, ದೂರವಾದರೆ ಲಗೇಜ್ ಆಟೋಗೆ ಹಾಕಿಸುತ್ತಾರೆ. ಹತ್ತುವುದೇನಿದ್ದರೂ ಕೆರೆ ಏರಿ, ನಾಲೆಯ ಪಕ್ಕದ ಜಲ್ಲಿ ದಾರಿ, ಶಿಂಷೆಯ ದಡ. ಯಾಕೆಂದು ಕೇಳಿದರೆ, "ಟಾರ್ ರೋಡಲ್ಲಿ ಯಾವನ್ ಬೇಕಾದ್ರೂ ಓಡಿಸ್ತಾನೆ ಕಣೇ" ಎಂಬ ಜಂಭ.

ತೆಂಗಿನಕಾಯಿಯವನ ಸುದ್ದಿ ಕೇಳಿದ ದಿನವೇ ಚಿಕ್ಕಮ್ಮ ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು, ಸೀಟಿನ ಕೆಳಗೆ ಒಂದು ತಾಯತ. "ಇದೇನು ಸೈಕಲ್ಲಾ, ಜಲ್ಲಿ ಲಾರೀನಾ?" ಎಂದು ಚಿಕ್ಕಪ್ಪ ರೇಗಿದರು. ಆಮೇಲೆ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಕೆರೇಲಿ ಸತ್ತೋರು ಹಿಡ್ಕೊಂಡವ್ರೆ ಅನ್ಸುತ್ತೆ. ನೀನೊಂದ್ಸಲ ಜೊತೇಲಿ ಹೋಗಿ ನೋಡೇ. ನೀನು ಓದ್ದೋಳು." ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ದೆವ್ವವನ್ನು ನೋಡಿ ಬರಲು ಅದು ಯಾವ ರೀತಿಯ ಅರ್ಹತೆಯೋ ನನಗೆ ತಿಳಿಯದು!

ಪಕ್ಕದ ಮನೆಯ ಸೈಕಲ್ ಎರವಲು ತಂದೆ. ಭಾನುವಾರ ಬೆಳಗ್ಗೆ ಎರಡನ್ನೂ ಲಗೇಜ್ ಆಟೋದಲ್ಲಿ ಹಾಕಿಕೊಂಡು ಗುಬ್ಬಿಯ ತನಕ ಹೋಗಿ, ಅಲ್ಲಿಂದ ಕಡಬದ ಕಡೆಗೆ ಹೊರಟೆವು. ಅದು ಏರಿಳಿತವೇ ಇಲ್ಲದ ಸೀಮೆ. ಕೆರೆಯ ಏರಿ ಸಿಕ್ಕಿದ ಮೇಲಂತೂ ಒಂದು ಕಡೆ ನೀರು, ಇನ್ನೊಂದು ಕಡೆ ಎಷ್ಟೋ ಕೆಳಗೆ ತೆಂಗಿನ ತೋಟ. ಗರಿಗಳ ಮಟ್ಟದಲ್ಲಿ ನಾವು ಹೋಗುತ್ತಿದ್ದೇವೆ. ಅವತ್ತು ಮಂಜು ಬೇರೆ. ನೀರಿನಲ್ಲಿ ಒಣಗಿ ನಿಂತ ಮರಗಳು, ಒಂದೊಂದು ಕೊಂಬೆಯ ಮೇಲೂ ರೆಕ್ಕೆ ಬಿಚ್ಚಿ ಅಲ್ಲಾಡದೆ ಕುಳಿತ ನೀರುಕಾಗೆಗಳು. ಟೈರಿನಡಿಯ ಜಲ್ಲಿಯ ಚರಚರ ಬಿಟ್ಟರೆ ಜಗತ್ತಿನಲ್ಲಿ ಬೇರೆ ಸದ್ದಿಲ್ಲ.

ಇದ್ದಕ್ಕಿದ್ದಂತೆ ಚಿಕ್ಕಪ್ಪ ಬ್ರೇಕ್ ಹಾಕಿದರು. ಟ್ರಿಣ್ ಟ್ರಿಣ್! "ಸೈಡ್ ಸೈಡ್! ಮುಂದಕ್ ನಡೀರಿ, ಬಾಗ್ಲತ್ರ ನಿಲ್ಬೇಡಿ!"

ನಾನು ಅವರ ಹಿಂದಿನ ಚಕ್ರಕ್ಕೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಇಣುಕಿ ನೋಡಿದರೆ ಮುಂದೆ ಖಾಲಿ ಏರಿ. ಅವರು ಸೈಕಲ್ ಬದಿಗೆ ಒರಗಿಸಿಕೊಂಡು ನಿಂತೇ ಇದ್ದರು. ಅವರ ಕಣ್ಣು ಬಲದಿಂದ ಎಡಕ್ಕೆ, ಮತ್ತೆ ಬಲದಿಂದ ಎಡಕ್ಕೆ, ಹಾದು ಹೋಗುವವರನ್ನು ಒಬ್ಬೊಬ್ಬರನ್ನಾಗಿ ನೋಡುವಂತೆ ಸರಿಯುತ್ತಿತ್ತು.

"ಯಾರಿಗೆ ಚಿಕ್ಕಪ್ಪ ದಾರಿ ಬಿಟ್ಟಿದ್ದು?"

"ಸುಮ್ನೆ. ಅಭ್ಯಾಸ." ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು, "ಇವತ್ತು ಈ ಕಡೆ ಸಂತೆ ಏನಾದ್ರೂ ಐತಾ?"

"ಇಲ್ಲ."

"ಹಂಗಾ..." ಎಂದು ಜೋರಾಗಿ ತುಳಿದರು.

ಆಗ ಕೇಳಿಸಿತು ನೋಡಿ! ಹಿಂದಿನಿಂದ ಇನ್ನೊಂದು ಚರಚರ. ನಮ್ಮದು ಎರಡೇ ಸೈಕಲ್ಲು ತಾನೆ? ನಾವು ನಿಂತರೆ ಅದೂ ನಿಲ್ಲುತ್ತಿತ್ತು, ಆದರೆ ಒಂದು ಕ್ಷಣ ತಡವಾಗಿ. ತಿರುಗಿದರೆ ಬರೀ ಮಂಜು. ನೀರಿನ ಮೇಲೆ ಸದ್ದು ಹೇಗೆ ಹರಿಯುತ್ತದೆ ಎಂದು ಮಕ್ಕಳಿಗೆ ಸೂತ್ರ ಸಮೇತ ಹೇಳಿಕೊಡುವ ನಾನು, ಸೂತ್ರವನ್ನು ಮರೆತು ದೇವರಾಯನದುರ್ಗದ ನರಸಿಂಹನನ್ನು ನೆನೆಯತೊಡಗಿದೆ. ಅವನಿಗೆ ಕೇಳಿಸಿತೋ ಇಲ್ಲವೋ, ಜಾಗ ದೂರ!

ಕೆರೆಯ ಕೋಡಿಯ ಹತ್ತಿರ ದಾರಿ ಎಡಕ್ಕೆ ತಿರುಗುತ್ತದೆ. ಚಿಕ್ಕಪ್ಪ ತಿರುಗಲಿಲ್ಲ. ಇಳಿಜಾರಿನಲ್ಲಿ ನೆಟ್ಟಗೆ ನೀರಿನ ಕಡೆಗೆ ಬಿಟ್ಟರು.

"ಚಿಕ್ಕಪ್ಪಾ! ನೀರು!"

"ಎಲ್ಲಿದೆ ನೀರು? ಅಷ್ಟೊಂದ್ ಜನ ನಡ್ಕೊಂಡ್ ಹೋಗ್ತಾವ್ರಲ್ಲ!"

ನಾನು ಸೈಕಲ್ ಬಿಸಾಡಿ ಓಡಿದೆ. ಮುಂದಿನ ಚಕ್ರ ಮುಳುಗುವ ಹೊತ್ತಿಗೆ ಅವರ ಅಂಗಿಯ ಹಿಂಭಾಗ ಕೈಗೆ ಸಿಕ್ಕಿತು. ಎಳೆದ ರಭಸಕ್ಕೆ ಅಂಗಿ ಹರಿಯಿತು, ಚಿಕ್ಕಪ್ಪ ನನ್ನ ಮೇಲೆ, ನಾನು ಕೆಸರಿನ ಮೇಲೆ, ಚಿಕ್ಕಮ್ಮನ ನಿಂಬೆಹಣ್ಣು ಕೆರೆಯ ಪಾಲು.

ಕೆಸರಲ್ಲೇ ಕುಳಿತು ಅವರು ಎಲ್ಲ ಹೇಳಿದರು. ಕಣ್ಣಿನ ನಟ್ಟನಡುವೆ ಮಸಿ ಬಳಿದಂತಾಗಿ ತುಂಬಾ ದಿನವಾಗಿದೆ. ಆ ಮಸಿಯ ಜಾಗದಲ್ಲಿ ಜನ ಬರುತ್ತಾರೆ. ಪೇಟ ಸುತ್ತಿದ ಗಂಡಸರು, ಹೂ ಮುಡಿದ ಹೆಂಗಸರು, ಸಾಲುಸಾಲಾಗಿ. "ನಿನ್ ಮುಖ ನಂಗೆ ಕಾಣ್ಸಲ್ಲ ಕಣವ್ವ. ಅವ್ರ ಸೀರೆ ಅಂಚಿನ ಜರಿ ಕಾಣ್ಸುತ್ತೆ. ಟಾರ್ ರೋಡಲ್ಲಿ ಯಾವ್ದು ಲಾರಿ, ಯಾವ್ದು ಇವ್ರು ಅಂತ ಗೊತ್ತಾಗಲ್ಲ. ಅದ್ಕೇ ಏರಿ ಮೇಲ್ ಬಂದೆ. ನಿಮ್ ಚಿಕ್ಕಮ್ಮಂಗೆ ಹೇಳಿದ್ರೆ ದೆವ್ವ ಬಿಡಿಸೋರ ಹತ್ರ ಎಳ್ಕೊಂಡ್ ಹೋಗ್ತಾಳೆ, ಸೈಕಲ್ಗೆ ಬೀಗ ಹಾಕ್ತಾಳೆ."

"ಹೆದರಿಕೆ ಆಗಲ್ವಾ ಚಿಕ್ಕಪ್ಪ?"

ಅವರು ನೀರಿನ ಕಡೆ ನೋಡಿದರು. "ಜನ ಅಂದ್ರೆ ನಂಗೇನ್ ಹೆದ್ರಿಕೆ? ಕುರಿ ತುಂಬ್ದಂಗೆ ತುಂಬಿರೋ ಬಸ್ಸಲ್ಲಿ ಬದುಕ್ದೋನು. ಆದ್ರೆ ಇಷ್ಟ್ ಜನ ಇದಾರೆ, ಒಬ್ರೂ ಮಾತಾಡಲ್ಲ ಕಣೇ. ಚಿಲ್ರೆ ಜಗಳ ಇಲ್ಲ, ಸ್ಟಾಪ್ ಕೇಳೋರಿಲ್ಲ. ಅದೊಂದೇ ತಡೆಯಕ್ಕಾಗಲ್ಲ."

ಮಾರನೆಯ ದಿನವೇ ತುಮಕೂರಿನ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಆಕೆ ಪರೀಕ್ಷೆ ಮಾಡಿ, ಇದು ಹುಚ್ಚೂ ಅಲ್ಲ, ದೆವ್ವವೂ ಅಲ್ಲ, ನೋಟ ಮಂಕಾದಾಗ ಕೆಲವರ ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ ಎಂದರು. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಇಂಜೆಕ್ಷನ್ ಕೊಟ್ಟು ಉಳಿಸಿಕೊಳ್ಳಲು ನೋಡಬಹುದು. ಚಿಕ್ಕಪ್ಪ ಯೋಚಿಸಿ, "ಹಂಗಾದ್ರೆ ಅಷ್ಟೂ ಪ್ಯಾಸೆಂಜರ್‌ಗಳು ನಂದೇ ಬಸ್ಸಿನೋರು ಅನ್ನಿ" ಎಂದರು. ಮನೆಯಲ್ಲಿ ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಹೂ ಮುಡ್ಕೊಂಡಿರೋ ಹೆಂಗಸ್ರು ಅಂದ್ರಲ್ಲ, ವಯಸ್ಸೆಷ್ಟು?"

ನನಗೆ ಕೇಳಿಸಿದ ಆ ಮೂರನೆಯ ಸೈಕಲ್ಲೇನು ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕಿವಿ ತಮ್ಮ ವಿಭಾಗವಲ್ಲ ಎಂದರು ಡಾಕ್ಟರು!

ಸೈಕಲ್ಲಿಗೆ ಬೀಗ ಬೀಳಲಿಲ್ಲ. ಒಂಟಿಯಾಗಿ ಹೋಗಕೂಡದು ಎಂಬ ಷರತ್ತಷ್ಟೇ ಬಿತ್ತು. ಹಾಗಾಗಿ ಭಾನುವಾರಗಳಲ್ಲಿ ನಾನು ಮುಂದೆ, ಅವರು ಹಿಂದೆ. ನೋಟದ ಅಂಚಿನಲ್ಲಿ ಹಿಡಿಯಲೆಂದು ನನಗೆ ಕಿತ್ತಳೆ ಬಣ್ಣದ ಅಂಗಿ. ನಾನು ಎಡೆಬಿಡದೆ ಮಾತಾಡುತ್ತಿರಬೇಕು. ಮಾತಿನ ದಿಕ್ಕು ಹಿಡಿದು ಅವರು ಬರುತ್ತಾರೆ. ಎಷ್ಟೂಂತ ಮಾತಾಡುವುದು? ಕಾಲೇಜಿನ ಚಾಡಿ ಮುಗಿದು, ನೆಂಟರ ಚಾಡಿ ಮುಗಿದು, ನ್ಯೂಟನ್ನನ ನಿಯಮಗಳೂ ಮುಗಿದವು!

ಮೊನ್ನೆ ಕುಣಿಗಲ್ ದೊಡ್ಡಕೆರೆಯ ದಡದಲ್ಲಿ ಹೋಗುತ್ತಿದ್ದೆವು. ಮಧ್ಯಾಹ್ನದ ಬಿಸಿಲಿಗೆ ನೀರೂ ಆಕಾಶವೂ ಒಂದೇ ಬಿಳುಪಾಗಿ, ದಡ ಎಲ್ಲಿ ಮುಗಿಯುತ್ತದೆಂದು ನನಗೇ ತಿಳಿಯುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಮಾತು ನಿಂತುಹೋದದ್ದು ಗಮನಕ್ಕೆ ಬರಲಿಲ್ಲ. ಹಿಂದೆ ಜಲ್ಲಿಯ ಸದ್ದೂ ನಿಂತಿತು. ತಿರುಗಿ ನೋಡಿದೆ. ಚಿಕ್ಕಪ್ಪ ಸೈಕಲ್ ಕಾಲ ನಡುವೆ ಹಿಡಿದು ನಿಂತಿದ್ದರು. ನೂಕುನುಗ್ಗಲಿನ ಬಸ್ಸಿನಲ್ಲಿ ಕಂಬಿಯನ್ನೂ ಹಿಡಿಯದೆ ನಡೆಯುತ್ತಿದ್ದ ಆ ಮನುಷ್ಯ, ಒಂದು ಕೈಯನ್ನು ಮುಂದೆ ಚಾಚಿ ಗಾಳಿಯಲ್ಲಿ ಹುಡುಕುತ್ತಿದ್ದರು.

"ಇದೀಯೇನವ್ವ?"

ನಾನು ಹಿಂದಕ್ಕೆ ಓಡಿ ಆ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡೆ.

"ಇದೀನಿ ಚಿಕ್ಕಪ್ಪ."

"ಏನಾದ್ರೂ ಹೇಳು."

"ಏನ್ ಹೇಳ್ಲಿ?"

"ಏನಾದ್ರೂ ಸರಿ ಕಣವ್ವ. ಬೈದ್ರೂ ಸರಿ."